ಹಿಮ್ಮಡಿಯ ಸಾಕ್ಷಿ

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದ ಹೆಂಗಸರಿಗೆ ದೊಡ್ಡಕ್ಕ ಮೊದಲ ದಿನವೇ ಎರಡು ಪಾಠ ಹೇಳುತ್ತಿದ್ದಳು. ಒಂದು ಹಿಮ್ಮಡಿಯದು, ಇನ್ನೊಂದು ಬಾಯಿಯದು.

“ಮುಖ ನೋಡಿ ಮೋಸ ಹೋಗ್ಬೇಡಿ,” ಎನ್ನುತ್ತಿದ್ದಳು. “ನೆಂಟರು ಬರೋ ಹೊತ್ತಿಗೆ ಮುಖ ತೊಳೆದು ಪೌಡರ್ ಹಚ್ಚೋಕೆ ಎಷ್ಟು ಹೊತ್ತು ಬೇಕು? ಹೊದಿಕೆ ಸರಿಸಿ ಹಿಮ್ಮಡಿ ನೋಡಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು, ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸಿದ್ರೆ ಮಗು ಕಾಲಿನ ಹಾಗಿರುತ್ತೆ. ಇಲ್ಲದಿದ್ರೆ ಮೊದಲು ಕೆಂಪಗಾಗುತ್ತೆ, ಆಮೇಲೆ ಕಪ್ಪಗಾಗುತ್ತೆ, ಆಮೇಲೆ ದೇವರೇ ಗತಿ. ಹಿಮ್ಮಡಿಗೆ ಸುಳ್ಳು ಹೇಳೋಕೆ ಬರಲ್ಲ.”

ಬಾಯಿಯ ಪಾಠ ಇನ್ನೂ ಚಿಕ್ಕದು. “ಈ ಮನೆ ಮಾತು ಆ ಮನೆಗೆ ಹೋಗಬಾರದು. ಯಾರ ಮೇಲಾದರೂ ಕೈ ಮಾಡಿದ್ದು ಕಂಡರೆ, ಯಾರಿಗಾದರೂ ಊಟ ಔಷಧ ತಪ್ಪಿಸಿದ್ದು ಕಂಡರೆ ಓಡಿ ಬಂದು ನನಗೆ ಹೇಳಿ. ಮಿಕ್ಕಿದ್ದೆಲ್ಲ ಆ ಮನೆ ಹೊಸಿಲಲ್ಲೇ ಬಿಟ್ಟು ಬನ್ನಿ. ನನಗೂ ಬೇಡ.”

ದೊಡ್ಡಕ್ಕ ಇದನ್ನೆಲ್ಲ ಯಾವ ಶಾಲೆಯಲ್ಲೂ ಕಲಿತವಳಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಮಲಗಿದವರು ಏಳಲೇ ಇಲ್ಲ. ಅವರ ಸೇವೆ ಮಾಡುತ್ತಲೇ ಕೈ ಪಳಗಿತು. ಅತ್ತೆ ಹೋದ ಮೇಲೆ ಒಂದು ಏಜೆನ್ಸಿ ಸೇರಿ ಮನೆ ಮನೆಗೆ ಹೋದಳು. ಅಲ್ಲಿ ಹೆಂಗಸರಿಗೆ ಹೆಸರಿರಲಿಲ್ಲ, ನಂಬರಿತ್ತು. ಒಬ್ಬಳಿಗೆ ಜ್ವರ ಬಂದರೆ “ಇಪ್ಪತ್ತೊಂದು ರಜೆ, ಮೂವತ್ತಾರನ್ನ ಕಳಿಸಿ” ಎನ್ನುತ್ತಿದ್ದರು. ಒಂದು ದಿನ ದೊಡ್ಡಕ್ಕ, “ಇಪ್ಪತ್ತೊಂದಕ್ಕೆ ಎರಡು ಮಕ್ಕಳಿವೆ, ಸ್ವಾಮಿ” ಎಂದು ಹೇಳಿ ಎದ್ದು ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಮಿಕ್ಕವರೂ ಬಂದರು. ಹಾಗೆ ಹುಟ್ಟಿದ್ದು ಈ ಸಂಘ.

ಸಂಘದ ಆಫೀಸು ಎಂದರೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗಿನ ಹಬೆ ಮೆಟ್ಟಿಲ ಸಂದಿಯಿಂದ ಮೇಲೆ ಬಂದು ಕಿಟಕಿ ಗಾಜು ಯಾವಾಗಲೂ ಮಂಜು ಮಂಜು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಾಲು ಅಲ್ಲಾಡುವ ಅಧ್ಯಕ್ಷರ ಕುರ್ಚಿ, ಗೋಡೆಗೆ ಒಂದು ಮರದ ಹಲಗೆ. ಹಲಗೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಬೇರೆಯವರ ಮನೆಯ ಕೀಲಿಗಳು. ಹಗಲಿಡೀ ಕೆಲಸಕ್ಕೆ ಹೋಗುವ ಮಕ್ಕಳು ಮಲಗಿದ ತಂದೆ ತಾಯಿಯರ ಮನೆಯ ಕೀಲಿಯನ್ನು ಈ ಹೆಂಗಸರ ಕೈಗೆ ಕೊಟ್ಟಿದ್ದರು. ಒಂದು ಕೀಲಿ ತೆಗೆದುಕೊಂಡವಳು ಆ ಮೊಳೆಗೆ ತನ್ನ ಬಣ್ಣದ ಬಳೆಯೊಂದನ್ನು ಸಿಕ್ಕಿಸಿ ಹೋಗಬೇಕು. ಹಸಿರು ಬಳೆ ಇದ್ದರೆ ಇಂಥವಳು, ಹಳದಿ ಇದ್ದರೆ ಅಂಥವಳು. ಒಮ್ಮೆ ಹಲಗೆ ನೋಡಿದರೆ ಯಾರು ಎಲ್ಲಿದ್ದಾರೆಂದು ಗೊತ್ತಾಗುತ್ತಿತ್ತು. ಅಷ್ಟು ಗೊತ್ತಾದರೆ ಸಾಕಾಗಿಯೂ ಇತ್ತು.

ಸಾಕಾಗದೇ ಹೋದದ್ದು ಒಂದು ಮಧ್ಯಾಹ್ನ. ಸಂಘದ ಒಬ್ಬಳನ್ನು ಒಂದು ಮನೆಯಲ್ಲಿ ರೋಗಿಯ ತಮ್ಮನೊಬ್ಬ ಕುಡಿದು ಬಂದು ಕೋಣೆಯಲ್ಲಿ ಕೂಡಿ ಹಾಕಿದ. ಅವಳು ಕೂಗಿದ್ದು ಯಾರಿಗೂ ಕೇಳಲಿಲ್ಲ. ಸಂಜೆ ಮನೆಯವರು ಬಂದು ಬಾಗಿಲು ತೆಗೆದಾಗ ಅವಳ ದನಿಯೇ ಹೋಗಿತ್ತು. ಹಲಗೆಯ ಮೇಲೆ ಬಳೆ ಮಾತ್ರ ನೆಟ್ಟಗೆ ತೂಗುತ್ತಿತ್ತು. ದೊಡ್ಡಕ್ಕ ಅಂದು ದೇವರ ಮುಂದೆ ಕೂತು, ಏನು ಬೇಡಬೇಕೆಂದೂ ತೋಚದೆ, ಸುಮ್ಮನೆ ಅತ್ತಳು.

ಆದ್ದರಿಂದ ಟೈ ಕಟ್ಟಿಕೊಂಡ ಆಪ್‌ನವನು ಬಂದು, “ನಿಮ್ಮ ಹೆಣ್ಣುಮಕ್ಕಳ ಫೋನಿಗೆಲ್ಲ ಇದನ್ನು ಹಾಕಿಸಿ ಮೇಡಂ, ಯಾರು ಎಲ್ಲಿದ್ದರೂ ಮ್ಯಾಪ್‌ನಲ್ಲಿ ಕಾಣುತ್ತೆ” ಎಂದಾಗ ಅವಳು ಎರಡು ಮಾತಾಡಲಿಲ್ಲ. ಅದರಲ್ಲಿ ಮೂರು ಸೌಕರ್ಯ ಇದ್ದವು. ಒತ್ತಿದರೆ ಎಲ್ಲರಿಗೂ ಕೂಗು ಹೋಗುವ ಕೆಂಪು ಗುಂಡಿ. ಆಫೀಸಿನ ಫೋನಿನಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಚುಕ್ಕಿಯಂತೆ ಓಡಾಡುವ ಮ್ಯಾಪು. ಮತ್ತೆ, ಆಯಾ ಮನೆಗೆ ಫೋನು ತಲುಪಿದರೆ “ಬಂದಿದ್ದಾರೆ”, ತಲುಪದಿದ್ದರೆ “ಬಂದಿಲ್ಲ” ಎಂದು ಮನೆಯವರಿಗೆ ತಾನಾಗಿಯೇ ಹೋಗುವ ಮೆಸೇಜು.

ಕೆಂಪು ಗುಂಡಿಗಾಗಿ ತಂದದ್ದು. ಆದರೆ ದೊಡ್ಡಕ್ಕನಿಗೆ ರುಚಿ ಹತ್ತಿದ್ದು ಮ್ಯಾಪಿನದು.

ಮೊದಮೊದಲು ದಿನಕ್ಕೊಮ್ಮೆ ನೋಡುತ್ತಿದ್ದಳು. ಆಮೇಲೆ ಚಹಾ ಕುಡಿಯುವಾಗ, ಬಸ್ಸಿನಲ್ಲಿ ಕೂತಾಗ, ಒಲೆಯ ಮೇಲೆ ಅನ್ನ ಬೇಯುವಾಗ. ಚುಕ್ಕಿಗಳು ಬೀದಿ ಬೀದಿಯಲ್ಲಿ ಇರುವೆಗಳಂತೆ ಹರಿಯುವುದನ್ನು ನೋಡುತ್ತಿದ್ದರೆ ಅವಳಿಗೆ ಎಲ್ಲರನ್ನೂ ಮಡಿಲಲ್ಲಿ ಕೂರಿಸಿಕೊಂಡ ಹಾಗೆ ಆಗುತ್ತಿತ್ತು. ಪ್ರೀತಿಯೇ ಅದು. ಆದರೆ ಪ್ರೀತಿ ಯಾವಾಗ ಕಾವಲಾಯಿತು ಎಂದು ಅವಳಿಗೆ ತಿಳಿಯಲಿಲ್ಲ. “ಬೆಳಿಗ್ಗೆ ಔಷಧದಂಗಡಿ ಹತ್ರ ಅಷ್ಟೊತ್ತು ಯಾಕೆ ನಿಂತಿದ್ದೆ?” ಎಂದು ಒಬ್ಬಳನ್ನು ಕೇಳಿದಳು. “ನಿನ್ನೆ ತಿರುಗಾಟ ಜೋರಿತ್ತಲ್ಲ!” ಎಂದು ಇನ್ನೊಬ್ಬಳಿಗೆ ನಗುತ್ತಲೇ ಹೇಳಿದಳು. ಅವರೂ ನಕ್ಕರು. ನಕ್ಕವರು ಆಮೇಲೆ ಅವಳ ಎದುರಿಗೆ ಸ್ವಲ್ಪ ಕಡಿಮೆ ಮಾತಾಡತೊಡಗಿದರು.

ಅವಳ ಗಂಡ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಒಂದು ದಿನ ಕೇಳಿದ: “ಎಲ್ಲಾ ಹೇಳ್ತೀಯಲ್ಲ, ನಾನೆಲ್ಲಿದ್ದೀನಿ ಹೇಳು ನೋಡೋಣ?”

“ಸೋಫಾ ಮೇಲೆ.”

“ನೋಡ್ದೆಯಾ? ಮನುಷ್ಯನ್ನ ಬಲ್ಲವರಿಗೆ ಮ್ಯಾಪು ಬೇಕಾಗಿಲ್ಲ.”

ಅವಳು ನಕ್ಕು ಮತ್ತೆ ಫೋನಿಗೆ ಕಣ್ಣು ನೆಟ್ಟಳು. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಸಂಘದಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಒಬ್ಬಳಿದ್ದಳು. ಮೈಕಟ್ಟೂ ಹಾಗೇ, ದನಿಯೂ ಹಾಗೇ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ಮನೆ. ಎಲ್ಲರ ಬಾಯಲ್ಲೂ ಅವರು ಟೀಚರಜ್ಜಿ. ಮಧ್ಯಾಹ್ನದಿಂದ ಸಂಜೆವರೆಗೆ, ಎರಡು ಬೀದಿ ಆಚೆ, ಗಡಿಯಾರದ ತಾತನ ಮನೆ. ಕೈಗಡಿಯಾರ ರಿಪೇರಿ ಮಾಡಿಕೊಂಡು ಬಾಳಿದ ಆ ತಾತನಿಗೆ ಲಕ್ವ ಹೊಡೆದು ಬಲಗಡೆ ಬಿದ್ದು ಹೋಗಿತ್ತು, ಮಾತೂ ನಿಂತಿತ್ತು. ಟೀಚರಜ್ಜಿಗೆ ಒಬ್ಬಳು ಮಗಳು, ತಾತನಿಗೆ ಒಬ್ಬ ಮಗ. ಇಬ್ಬರೂ ಕೆಲಸದಿಂದ ಬರುವುದು ಸಂಜೆಯ ಮೇಲೆ.

ಒಂದು ದಿನ ತಾತನ ಮಗ ಆಫೀಸಿಗೆ ಫೋನ್ ಮಾಡಿದ. “ಏನಮ್ಮ ಇದು? ದಿನಾ ‘ಬಂದಿಲ್ಲ’ ಅಂತ ಮೆಸೇಜ್ ಬರ್ತಿದೆಯಲ್ಲ?”

ದೊಡ್ಡಕ್ಕ ಗಾಬರಿಯಾದಳು. “ಅಪ್ಪಾಜಿ ಹೇಗಿದ್ದಾರೆ?”

“ಅಪ್ಪ ಏನೋ ಚೆನ್ನಾಗೇ ಇದ್ದಾರೆ. ಗಡ್ಡ ಬೋಳಿಸಿರುತ್ತೆ, ಬಟ್ಟೆ ಬದಲಾಗಿರುತ್ತೆ. ಆದರೆ ಮೆಸೇಜಲ್ಲಿ ಹೀಗಿದೆಯಲ್ಲ! ಸುಮ್ಮನೆ ಬರೆದಿರುತ್ತಾ?”

ಅಪ್ಪನ ಬೋಳಿಸಿದ ಕೆನ್ನೆ ಒಂದು ಕಡೆ, ಫೋನಿನ ಒಂದು ಪದ ಒಂದು ಕಡೆ. ಮಗ ಪದವನ್ನೇ ನಂಬಿದ. ಅವನನ್ನು ಏಕೆ ದೂರಬೇಕು, ದೊಡ್ಡಕ್ಕನೂ ಅದನ್ನೇ ನಂಬಿದಳು. ಮ್ಯಾಪು ತೆಗೆದು ಹಿಂದಿನ ದಿನಗಳನ್ನೆಲ್ಲ ತಿರುಗಿಸಿ ನೋಡಿದಳು. ಗುಬ್ಬಿಯ ಚುಕ್ಕಿ ಮಧ್ಯಾಹ್ನವಾದರೂ ಟೀಚರಜ್ಜಿಯ ಮನೆ ಬಿಟ್ಟು ಕದಲುತ್ತಿರಲಿಲ್ಲ. ಸಂಜೆ ಕದಲಿದರೆ ನೇರ ಅವಳ ಮನೆ. ಅಂದರೆ ತಾತನ ಮನೆಗೆ ಕೈ ಕೊಟ್ಟು ಅಲ್ಲೇ ಹಾಯಾಗಿ ಮಲಗಿರುತ್ತಾಳೆ! ಟೀಚರಜ್ಜಿಯ ಮಗಳಿಗೆ ಫೋನ್ ಮಾಡಿ ವಿಚಾರಿಸಿದಳು. ಆಕೆ, “ನಮ್ಮ ಮನೆ ಕೆಲಸದಲ್ಲಿ ಏನೂ ತೊಂದರೆ ಇಲ್ಲ” ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟಳು.

ದೊಡ್ಡಕ್ಕನ ನೆತ್ತಿಗೇರಿತು. ಬಾಯಿ ಇಲ್ಲದ ಮನುಷ್ಯನಿಗೆ ಮೋಸ! ಆ ಸಿಟ್ಟಿನಲ್ಲೇ ಚುಕ್ಕಿ ಇರುವ ಮ್ಯಾಪಿನ ಸ್ಕ್ರೀನ್‌ಶಾಟ್ ತೆಗೆದು, “ನಮ್ಮವರೇ ಹೀಗೆ ಮಾಡಿದರೆ ಯಾರನ್ನು ನಂಬುವುದು?” ಎಂದು ಬರೆದು, ಸಂಘದ ಗ್ರೂಪಿಗೆ ಹಾಕಿದಳು. ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಚುಕ್ಕಿಯ ಪಕ್ಕದಲ್ಲೇ ಗುಬ್ಬಿಯ ಮುಖ ಇತ್ತು.

ಆ ಗ್ರೂಪಿನಲ್ಲಿ ರೇಡಿಯೋ ಎಂಬ ಅಡ್ಡಹೆಸರಿನವಳೊಬ್ಬಳು ಇದ್ದಳು. ಕೈ ಚುರುಕು, ಮನಸ್ಸು ಒಳ್ಳೆಯದು, ಬಾಯಿಗೆ ಮಾತ್ರ ಬೀಗವಿಲ್ಲದ ಹೆಂಗಸು. ಸುದ್ದಿ ಅವಳ ಕಿವಿಗೆ ಬಿದ್ದರೆ ಊರಿಗೆ ಬಿದ್ದ ಹಾಗೆ. ಅವಳು ಆ ಚಿತ್ರವನ್ನು, “ನಿಮ್ಮ ಮನೇಲೂ ಹುಷಾರು” ಎಂದು ಸೇರಿಸಿ, ತನಗೆ ಗೊತ್ತಿದ್ದ ಮನೆಗಳಿಗೆಲ್ಲ ಕಳಿಸಿದಳು. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವಳಿಗೆ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಗುಬ್ಬಿ ಕೀಲಿ ತೆಗೆದುಕೊಳ್ಳಲು ಬಂದಾಗ ಕೋಣೆಯಲ್ಲಿ ಎಲ್ಲರೂ ಇದ್ದರು.

“ಮಧ್ಯಾಹ್ನ ಎಲ್ಲಿರ್ತೀಯಾ?” ದೊಡ್ಡಕ್ಕ ಕೇಳಿದಳು.

“ತಾತನ ಮನೇಲಿ ಅಕ್ಕ.”

“ಮತ್ತೆ ನಿನ್ನ ಫೋನು?”

“ಟೀಚರಜ್ಜಿ ಮನೇಲಿ ಬಿಟ್ಟಿರ್ತೀನಿ. ಸಂಜೆ ಹೋಗಿ ತಗೋತೀನಿ.”

ರೇಡಿಯೋ ಕಿಸಕ್ಕನೆ ನಕ್ಕಳು. “ಅಯ್ಯೋ ತಾಯಿ! ಈಗಿನ ಕಾಲದಲ್ಲಿ ಗಂಡನ್ನ ಬಿಟ್ಟು ಬಂದೆ ಅಂದ್ರೆ ನಂಬ್ತೀನಿ, ಫೋನ್ ಬಿಟ್ಟು ಬಂದೆ ಅಂದ್ರೆ ಯಾರು ನಂಬ್ತಾರೆ?”

ಯಾರೋ ನಕ್ಕರು. ದೊಡ್ಡಕ್ಕ ನಗಲಿಲ್ಲ. “ಯಾಕೆ ಬಿಡ್ತೀಯಾ? ಹೇಳು.”

ಗುಬ್ಬಿ ನೆಲ ನೋಡಿದಳು. “ಅದು ಆ ಮನೆ ಮಾತು ಅಕ್ಕ” ಎಂದಳು.

ತನ್ನ ಪಾಠ ತನ್ನ ಮುಂದೆಯೇ, ಎಲ್ಲರ ಎದುರಿಗೆ. ದೊಡ್ಡಕ್ಕನಿಗೆ ಅದು ಪಾಠವಾಗಿ ಕೇಳಿಸಲಿಲ್ಲ, ಉಡಾಫೆಯಾಗಿ ಕೇಳಿಸಿತು. “ನನ್ನ ಮಾತನ್ನೇ ನನಗೆ ತಿರುಗಿಸ್ತೀಯಾ? ತಾತನ ಮನೆ ಕೀಲಿ ಇನ್ನು ನಿನಗಿಲ್ಲ. ಬೆಳಿಗ್ಗೆ ಮನೆ ಒಂದು ಇರಲಿ, ಅದನ್ನೂ ನೋಡಿ ಹೇಳ್ತೀನಿ.”

ಗುಬ್ಬಿ ತಾತನ ಮೊಳೆಗೆ ಸಿಕ್ಕಿಸಲೆಂದು ಹಿಡಿದಿದ್ದ ತನ್ನ ಕಂದು ಬಳೆಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಅಳಲಿಲ್ಲ, ಎದುರಾಡಲಿಲ್ಲ. ದೊಡ್ಡಕ್ಕನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅಧ್ಯಕ್ಷೆಯಾದ ಮೇಲೆ ಇಂಥದ್ದೆಲ್ಲ ಮಾಡಲೇಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ತಾತನ ಮನೆಗೆ ಬೇರೆ ಒಬ್ಬಳನ್ನು ಕಳಿಸಿದರು. ತಾತ ಬಾಯಿ ತೆರೆಯಲಿಲ್ಲ. ಗಂಜಿಯ ಚಮಚ ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿ ಗೋಡೆ ಕಡೆ ತಿರುಗುತ್ತಿದ್ದರು. ಮಗ ಮತ್ತೆ ಫೋನ್ ಮಾಡಿದ. “ಈಗ ಮೆಸೇಜ್ ‘ಬಂದಿದ್ದಾರೆ’ ಅಂತ ಬರ್ತಿದೆ. ಅಪ್ಪ ಮಾತ್ರ ಊಟಾನೇ ಮಾಡ್ತಿಲ್ಲ.” ಅವನ ದನಿಯಲ್ಲಿ ಈ ಸಲ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ದೊಡ್ಡಕ್ಕ ತಾನೇ ಹೋದಳು.

ಕೋಣೆ ಚಿಕ್ಕದು, ಚೊಕ್ಕಟ. ಕಿಟಕಿಯ ಪಕ್ಕ ಮಂಚ, ಎದುರು ಗೋಡೆಯಲ್ಲಿ ಕೀಲಿ ಕೊಡುವ ಹಳೆಯ ಗಡಿಯಾರ. ಅದು ನಿಂತಿತ್ತು. ತಾತ ಅವಳನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. ಅವಳು ನೀರು ಬಿಸಿ ಮಾಡಿ ತಂದಳು. ಮೈ ಒರೆಸಲೆಂದು ಹೊದಿಕೆ ಸರಿಸಿದಳು. ಅಭ್ಯಾಸ ಬಲದಿಂದ ಕೈ ಮೊದಲು ಹೋದದ್ದು ಕಾಲಿಗೆ.

ಹಿಮ್ಮಡಿ ಕೈಗೆ ಸಿಕ್ಕಿತು. ಮೆತ್ತಗೆ, ಬೆಚ್ಚಗೆ, ಒಂದು ಗೆರೆಯಿಲ್ಲ, ಒಂದು ಕೆಂಪಿಲ್ಲ. ಇನ್ನೊಂದು ಕಾಲು, ಲಕ್ವ ಹೊಡೆದ ಕಾಲು, ಅದೂ ಹಾಗೇ. ಮೀನಖಂಡದ ಕೆಳಗೆ ಹಳೆಯ ಬಟ್ಟೆ ಸುತ್ತಿ ಮಾಡಿದ ದಿಂಬು; ಅದು ಜಾರದಿರಲೆಂದು ಎರಡು ಬದಿಗೆ ಹೊಲಿದ ಪಟ್ಟಿ. ಆ ಪಟ್ಟಿ ಹೊಲಿಯುವುದನ್ನು ಹೇಳಿಕೊಟ್ಟವಳು ದೊಡ್ಡಕ್ಕನೇ.

ತಿಂಗಳುಗಟ್ಟಲೆ ಯಾರೂ ಬಾರದ ಮನೆಯಲ್ಲಿ ಮಲಗಿದ ಮನುಷ್ಯನ ಕಾಲಲ್ಲ ಅದು. ಅವಳು ಆ ಕಾಲನ್ನು ಹಿಡಿದುಕೊಂಡು ಹಾಗೇ ಕೂತಳು. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವಳು ಕಣ್ಣಾರೆ ಕಂಡಿರಲೂ ಇಲ್ಲ. ಕಂಡದ್ದು ಒಂದು ಚುಕ್ಕಿ. ಎರಡು ಬೀದಿ ನಡೆದು ಬಂದು ಈ ಹೊದಿಕೆ ಸರಿಸಿದ್ದರೆ ಸಾಕಿತ್ತು. ನಡೆಯಲಿಲ್ಲ. ಕೂತಲ್ಲೇ ಎಲ್ಲ ಕಾಣುತ್ತದಲ್ಲ ಎಂಬ ಸೊಕ್ಕು.

ತಾತ ಕಣ್ಣು ಬಿಟ್ಟಿದ್ದರು. ಎಡಗೈ ಎತ್ತಿ ಗಾಳಿಯಲ್ಲಿ ಏನನ್ನೋ ತಿರುಗಿಸುವಂತೆ ಮಾಡಿದರು. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ತಿರುಗಿಸಿ ಗೋಡೆ ನೋಡಿದರು. ಗಡಿಯಾರ! ಅವಳು ಎದ್ದು, ಅದರ ಬಾಗಿಲು ತೆಗೆದು, ಒಳಗಿದ್ದ ಕೀಲಿಯಿಂದ ತಿರುಗಿಸಿದಳು. ಟಕ್ ಟಕ್ ಎಂದು ಶುರುವಾಯಿತು. ತಾತನ ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಸೇರಿತು.

“ಅವಳು ದಿನಾ ತಿರುಗಿಸ್ತಿದ್ಲಾ ಅಪ್ಪಾಜಿ?”

ತಾತ ರೆಪ್ಪೆ ಮುಚ್ಚಿ ತೆರೆದರು.

“ಕರ್ಕೊಂಡು ಬರ್ತೀನಿ. ಅಲ್ಲಿ ತನಕ ನನ್ನ ಕೈಯಿಂದ ಎರಡು ಚಮಚ ತಗೊಳ್ಳಿ. ನನಗಾಗಿ ಅಲ್ಲ, ಅವಳಿಗಾಗಿ.”

ತಾತ ಬಾಯಿ ತೆರೆದರು.

ಗುಬ್ಬಿಯ ಮನೆ ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆ. ಬಾಗಿಲು ತೆಗೆದವರು ಅವಳ ಅತ್ತೆ, ಒಣಗಿದ ಮೆಣಸಿನಕಾಯಿಯಂಥ ಮುದುಕಿ. ದೊಡ್ಡಕ್ಕನನ್ನು ನೋಡುತ್ತಲೇ ಬಾಗಿಲಿಗೆ ಅಡ್ಡ ನಿಂತರು.

“ಏನಮ್ಮ, ನಮ್ಮ ಮನೆ ಮ್ಯಾಪಲ್ಲಿ ಕಾಣಲಿಲ್ವಾ? ನಡ್ಕೊಂಡು ಬಂದ್ಬಿಟ್ಟೆ?”

“ತಪ್ಪಾಯ್ತು ಅಂತ ಹೇಳೋಕೆ ಬಂದೆ ಅಮ್ಮ.”

“ಹೇಳು, ಹೇಳು. ಕಾಲು ಮುರಿದ ಮೇಲೆ ಕೋಲು ಕೊಟ್ಟ ಹಾಗೆ! ನನ್ನ ಸೊಸೆ ಮುಖ ಊರೆಲ್ಲ ಸುತ್ತಿ ಬಂತಲ್ಲ, ಅಂಗಡಿಯವನೂ ನನ್ನ ಕೇಳ್ದ. ನೋಡಮ್ಮ, ನಾನು ಓದಿದವಳಲ್ಲ. ಒಂದು ಮಾತು ಕೇಳ್ತೀನಿ. ಮೇಲಿರೋನು ಎಲ್ಲಾ ನೋಡ್ತಾನೆ ಅಲ್ವಾ? ನೀನು, ನಾನು, ಎಲ್ಲರೂ ಕದ್ದು ಮುಚ್ಚಿ ಮಾಡಿದ್ದೆಲ್ಲ ಅವನಿಗೆ ಕಾಣುತ್ತೆ ಅಲ್ವಾ? ಇವತ್ತಿನ ತನಕ ಯಾರ ಹತ್ರಾನಾದ್ರೂ ಹೇಳಿದ್ದಾನಾ?”

ದಿನವೂ ಪ್ರಾರ್ಥನೆ ಮಾಡುವವಳು ದೊಡ್ಡಕ್ಕ. ಎಲ್ಲ ಕಂಡೂ ಸುಮ್ಮನಿರುವವನ ಮುಂದೆ ದಿನವೂ ಕೂತಿದ್ದಳು. ಆ ಸುಮ್ಮನಿರುವುದು ಎಷ್ಟು ದೊಡ್ಡದೆಂದು ಈ ಮುದುಕಿ ಬಾಗಿಲಲ್ಲಿ ನಿಲ್ಲಿಸಿ ತೋರಿಸಬೇಕಾಯಿತು.

ಒಳಗಿನಿಂದ ಗುಬ್ಬಿ ಬಂದಳು. “ಬಿಡಿ ಅತ್ತೆ, ಒಳಗೆ ಬರ್ಲಿ.”

“ನೀನು ಸುಮ್ನಿರೇ. ನೀನು ಸುಮ್ನಿದ್ದೇ ಇಷ್ಟೆಲ್ಲ ಆಗಿದ್ದು.” ಎಂದರೂ ಅತ್ತೆ ದಾರಿ ಬಿಟ್ಟರು.

ದೊಡ್ಡಕ್ಕ ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತಳು. “ತಾತನ ಹಿಮ್ಮಡಿ ನೋಡಿದೆ ಕಣೇ. ಸಾಕು. ಯಾಕೆ ಫೋನ್ ಬಿಡ್ತಿದ್ದೆ ಅಂತ ನಾನು ಕೇಳೋಕೆ ಬಂದಿಲ್ಲ. ನೀನು ಹೇಳೋದೂ ಬೇಡ. ಬಾ ಅಂತ ಕರೆಯೋಕೆ ಬಂದೆ.”

ಗುಬ್ಬಿ ಅವಳ ಎದುರಿಗೆ ಕೂತಳು. ಆಮೇಲೆ ಕೇಳಿದಳು: “ನೀವು ನಂಬಿದ್ರಿ ಅಕ್ಕ. ಆದರೆ ಆ ಫೋಟೋ ನೋಡಿದ ಮನೆಗಳು? ನಾನು ಅವರ ಬಾಗಿಲ ಮುಂದೆ ನಡ್ಕೊಂಡು ಹೋಗಬೇಕು. ಮನೆ ಕೀಲಿ ನಂಬಿ ಕೊಟ್ರೇ ನಡೆಯೋ ಕೆಲಸ ನಮ್ಮದು. ನನ್ನ ಕೈಗೆ ಯಾರು ಕೊಡ್ತಾರೆ?”

ಇದಕ್ಕೆ ಉತ್ತರ ಕುಳಿತಲ್ಲಿ ಸಿಗುವಂಥದ್ದಲ್ಲ. ದೊಡ್ಡಕ್ಕ ಎದ್ದಳು. “ಸ್ವಲ್ಪ ದಿನ ಕೊಡು” ಎಂದಳು.

ಮೊದಲು ಗ್ರೂಪಿಗೆ ತನ್ನ ದನಿಯಲ್ಲೇ ಒಂದು ಮೆಸೇಜ್ ಕಳಿಸಿದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲಿಲ್ಲ. “ಗುಬ್ಬಿ ಒಂದು ದಿನವೂ ಕೆಲಸ ತಪ್ಪಿಸಿಲ್ಲ. ತಪ್ಪಿದ್ದು ನಾನು. ಫೋನ್ ನೋಡಿ ಮನುಷ್ಯಳನ್ನು ಅಳೆದೆ, ಅವಳ ಮುಖವನ್ನು ಎಲ್ಲರ ಕೈಗೆ ಕೊಟ್ಟೆ.” ರೇಡಿಯೋ ಕೂಡಲೇ ಕೇಳಿದಳು: “ಮತ್ತೆ ಫೋನ್ ಯಾಕೆ ಬಿಡ್ತಿದ್ಲಂತೆ?” ದೊಡ್ಡಕ್ಕ ಉತ್ತರಿಸಿದಳು: “ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ.”

ಆಮೇಲೆ ರೇಡಿಯೋಳನ್ನು ಆಫೀಸಿಗೆ ಕರೆಸಿದಳು. “ಆ ಫೋಟೋ ಯಾವ ಯಾವ ಮನೆಗೆ ಕಳಿಸಿದ್ದೀಯಾ ಹೇಳು.”

“ಅಕ್ಕ, ಒಂದು ಮೆಸೇಜ್ ಹಾಕಿದ್ರೆ ಎಲ್ಲರಿಗೂ ಹೋಗುತ್ತೆ. ನಿಮ್ಮ ಮಂಡಿ ನೋವು ಬೇರೆ.”

“ಫೋಟೋ ಕಳಿಸೋಕೆ ಬೆರಳು ಸಾಕಾಯ್ತು. ತಪ್ಪು ಒಪ್ಪಿಕೊಳ್ಳೋಕೂ ಬೆರಳೇ ಸಾಕಾದ್ರೆ ಅವರು ನಂಬಲ್ಲ ಕಣೇ. ನಡಿ, ನೀನೂ ಬಾ.”

ಬೆಂಕಿ ಹಚ್ಚಲು ಒಂದು ಕಡ್ಡಿ ಸಾಕು, ಆರಿಸಲು ಊರ ನೀರು ಹೊರಬೇಕು. ಇಬ್ಬರೂ ಮನೆ ಮನೆ ಹತ್ತಿ ಇಳಿದರು. ಕೆಲವರು ಕೂರಿಸಿ ನೀರು ಕೊಟ್ಟರು. ಕೆಲವರು ಬಾಗಿಲ ಸಂದಿಯಿಂದಲೇ, “ಸರಿ ಸರಿ” ಎಂದರು. ಒಬ್ಬರಂತೂ, “ಓ, ಅದಾ? ನಾವು ಆಗಲೇ ಡಿಲೀಟ್ ಮಾಡಿದ್ವಿ” ಎಂದು ನಕ್ಕರು. ಪ್ರತಿ ಮನೆಯಲ್ಲೂ ದೊಡ್ಡಕ್ಕ ಹೇಳಿದ್ದು ಒಂದೇ ಮಾತು, ಒಂದೇ ರೀತಿ. ರೇಡಿಯೋ ಮೊದಲ ಮನೆಗಳಲ್ಲಿ ಹಿಂದೆ ನಿಂತಿದ್ದಳು. ಆಮೇಲಾಮೇಲೆ ಮುಂದೆ ಬಂದು, “ಕಳಿಸಿದ್ದು ನಾನು” ಎಂದು ತಾನೇ ಹೇಳತೊಡಗಿದಳು. ಒಂದು ಮಹಡಿಯಲ್ಲಿ ನಿಂತು ಏದುಸಿರು ಬಿಡುತ್ತಾ, “ಅಕ್ಕ, ಇಷ್ಟು ಮೆಟ್ಟಿಲು ಹತ್ತಬೇಕು ಅಂತ ಮೊದಲೇ ಗೊತ್ತಿದ್ರೆ ನನ್ನಾಣೆ ಬಾಯಿ ಬಿಡ್ತಿರ್ಲಿಲ್ಲ” ಎಂದಳು. ಬಹಳ ದಿನದ ಮೇಲೆ ದೊಡ್ಡಕ್ಕ ಮನಸ್ಸು ಬಿಚ್ಚಿ ನಕ್ಕಳು.

ಕೊನೆಗೆ ಟೀಚರಜ್ಜಿಯ ಮನೆ. ರಜೆಯ ದಿನವಾದ್ದರಿಂದ ಮಗಳು ಮನೆಯಲ್ಲಿದ್ದಳು. ದೊಡ್ಡಕ್ಕ ತನ್ನ ಮಾತು ಮುಗಿಸುವಷ್ಟರಲ್ಲಿ ಆಕೆಯ ಮುಖ ಸಣ್ಣಗಾಯಿತು. “ನೀವೊಬ್ಬರೇ ಒಳಗೆ ಬನ್ನಿ” ಎಂದಳು. ರೇಡಿಯೋ, ಅವಳ ಬಾಳಿನಲ್ಲೇ ಮೊದಲ ಸಲ ಇರಬೇಕು, ಏನೂ ಕೇಳದೆ ಮೆಟ್ಟಿಲ ಮೇಲೆ ಕೂತಳು.

ಒಳಗಿನ ಕೋಣೆಯಲ್ಲಿ ಟೀಚರಜ್ಜಿ ಮಲಗಿದ್ದರು. ದಿಂಬಿನ ಪಕ್ಕ ಒಂದು ಹಳೆಯ ಫೋನು. ಅದರೊಳಗಿನಿಂದ ಗುಬ್ಬಿಯ ದನಿ, ಸ್ವಲ್ಪ ಸ್ವಲ್ಪ ಹೊತ್ತಿಗೆ: “ಇಲ್ಲೇ ಇದ್ದೀನಿ ಕಣೇ ಅಕ್ಕ. ನೀರು ಕಾಯಿಸ್ತಿದ್ದೀನಿ. ಎದ್ದೇಳ್ಬೇಡ, ಈಗ ಬಂದೆ.”

“ಅಮ್ಮನಿಗೆ ಯಾರದೂ ಗುರುತು ಉಳಿದಿಲ್ಲ” ಎಂದಳು ಮಗಳು. “ನನ್ನ ಗುರುತೂ ಸಿಗಲ್ಲ. ಗುಬ್ಬಿಯನ್ನ ಮಾತ್ರ ಎಂದೋ ತೀರಿಕೊಂಡ ತನ್ನ ತಂಗಿ ಅಂದ್ಕೊಂಡಿದ್ದಾರೆ. ಅವಳು ಮಧ್ಯಾಹ್ನ ಹೊರಟರೆ ಹೆದರಿ ಕೂಗ್ತಿದ್ರು, ಮಂಚದಿಂದ ಇಳಿಯೋಕೆ ಹೋಗ್ತಿದ್ರು. ಅದಕ್ಕೆ ಅವಳು ತನ್ನ ದನಿ ಫೋನಿಗೆ ಹಾಕಿ, ಫೋನನ್ನೇ ಇಲ್ಲಿ ಬಿಟ್ಟು ಹೋಗ್ತಿದ್ಲು. ಯಾರಿಗೂ ಹೇಳಬೇಡ ಅಂತ ನಾನೇ ಕೈ ಮುಗಿದು ಕೇಳ್ಕೊಂಡಿದ್ದೆ. ಅರ್ಧ ಊರಿಗೆ ಅಕ್ಷರ ಕಲಿಸಿದವರು ನಮ್ಮಮ್ಮ. ಈ ಸ್ಥಿತಿ ಯಾರ ಬಾಯಿಗೂ ಬೀಳಬಾರದು ಅಂತ.” ಆಕೆ ಮೂಗು ಒರೆಸಿಕೊಂಡಳು. “ನೀವು ಫೋನ್ ಮಾಡಿದಾಗ ನಾನು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಮರ್ಯಾದೆಗೆ ಅವಳ ಮರ್ಯಾದೆ ಹೋಯ್ತು. ಈಗ ಅವಳ ದನಿ ಈ ಹಳೇ ಫೋನಿಗೆ ಹಾಕ್ಕೊಂಡಿದ್ದೀನಿ. ಇಷ್ಟು ಸಣ್ಣ ಕೆಲಸ, ಮೊದಲೇ ಹೊಳೀಲಿಲ್ಲ ನೋಡಿ.”

ದೊಡ್ಡಕ್ಕ ಅಜ್ಜಿಯ ಹೊದಿಕೆ ಸರಿಪಡಿಸಿದಳು. ಹಿಮ್ಮಡಿ ನೋಡಬೇಕೆನಿಸಿತು, ನೋಡಲಿಲ್ಲ. “ಇದು ಈ ಮನೆ ಮಾತು” ಎಂದಳು. “ಇಲ್ಲೇ ಬಿಟ್ಟು ಹೋಗ್ತೀನಿ.”

ಹೊರಗೆ ಬಂದಾಗ ರೇಡಿಯೋ ಮುಖ ನೋಡಿದಳು. ದೊಡ್ಡಕ್ಕ ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಮಾತಿಲ್ಲದೆ ಇಳಿದರು.

ಮುಂದಿನ ಸಭೆಗೆ ದೊಡ್ಡಕ್ಕ ಆಪ್‌ನವನನ್ನೂ ಕರೆಸಿದ್ದಳು. ಮನೆಗಳಿಗೆ ತಾನಾಗಿ ಹೋಗುವ ಮೆಸೇಜು ನಿಲ್ಲಬೇಕು ಎಂದಾಗ ಅವನು, “ಅದೇ ಇದರ ಮುಖ್ಯ ಸೌಕರ್ಯ ಮೇಡಂ, ಎಲ್ಲಾ ಸಂಸ್ಥೆಯವರೂ ಇಷ್ಟಪಡ್ತಾರೆ. ಮೇಲಿರೋರು ನೋಡ್ತಿದ್ದಾರೆ ಅಂತ ಗೊತ್ತಿದ್ರೇ ಕೆಲಸ ಸರಿ ನಡೆಯೋದು” ಎಂದ.

“ಮೇಲಿರೋರು ಅಂದ್ರೆ ನಾನಾ?” ದೊಡ್ಡಕ್ಕ ಕೇಳಿದಳು. “ನಾನು ನೋಡಿದ್ದು ಆಯ್ತಪ್ಪ, ನಡೆದಿದ್ದೂ ಆಯ್ತು. ನಿಲ್ಲಿಸೋಕೆ ಆಗುತ್ತೋ ಇಲ್ವೋ ಹೇಳು.”

ಆಗುತ್ತಿತ್ತು. ನಿಲ್ಲಿಸಿದ.

ಕೆಂಪು ಗುಂಡಿ ಇರಲೇಬೇಕೆಂದು ಎಲ್ಲರೂ ಹೇಳಿದರು; ಕೋಣೆಯಲ್ಲಿ ಸಿಕ್ಕಿಕೊಂಡಿದ್ದವಳು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಮ್ಯಾಪೂ ಪೂರ್ತಿ ಹೋಗುವಂತಿರಲಿಲ್ಲ, ಗುಂಡಿ ಒತ್ತಿದವಳು ಎಲ್ಲಿದ್ದಾಳೆಂದು ಗೊತ್ತಾಗಬೇಕಲ್ಲ. ಮಾತು ಬಹಳ ಬೆಳೆದು, ಚಹಾ ಆರಿ, ಕೊನೆಗೆ ಒಂದು ತೀರ್ಮಾನವಾಯಿತು. ಆಫೀಸಿನ ಫೋನು ಕೀಲಿ ಹಲಗೆಯ ಕೊನೆಯ ಮೊಳೆಗೆ ಚೀಲದಲ್ಲಿ ತೂಗಬೇಕು. ಕೂಗು ಬಂದರೆ, ಇಲ್ಲವೇ ಯಾರಾದರೂ ಕರೆಗೆ ಸಿಗದೇ ಹೋದರೆ ಮಾತ್ರ ಮ್ಯಾಪು ತೆಗೆಯಬೇಕು. ಅದರ ಪಾಸ್‌ವರ್ಡ್ ಅರ್ಧ ದೊಡ್ಡಕ್ಕನ ಹತ್ತಿರ, ಅರ್ಧ ಇನ್ನೊಬ್ಬಳ ಹತ್ತಿರ. ಇಬ್ಬರೂ ಒಪ್ಪಿದರೇ ತೆರೆಯುವುದು.

“ಇನ್ನರ್ಧ ಯಾರ ಹತ್ರ?” ಎಂದು ಯಾರೋ ಕೇಳಿದರು.

“ರೇಡಿಯೋ ಹತ್ರ” ಎಂದಳು ದೊಡ್ಡಕ್ಕ.

ಕೋಣೆ ನಕ್ಕಿತು. ರೇಡಿಯೋ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

“ಇನ್ನೊಂದು ಮಾತು. ಈ ಕುರ್ಚಿ ಬೇರೆ ಯಾರಾದರೂ ತಗೊಳ್ಳೋ ಹಾಗಿದ್ರೆ ನಾನು ಸಂತೋಷದಿಂದ ಏಳ್ತೀನಿ.”

ಬಾಗಿಲ ಹತ್ತಿರ ಕೂತಿದ್ದ ಗುಬ್ಬಿಯ ಸಣ್ಣ ದನಿ ಬಂತು: “ಕಾಲು ಅಲ್ಲಾಡೋ ಕುರ್ಚಿ ಅಕ್ಕ. ಕೂತವರು ಹುಷಾರಾಗಿರ್ತಾರೆ. ನೀವೇ ಇರಿ.”

ಸಭೆ ಮುಗಿದ ಮೇಲೆ ತಾತನ ಮಗ ಮೆಟ್ಟಿಲು ಹತ್ತಿ ಬಂದ. ಮನೆಯ ಕೀಲಿಯನ್ನು ದೊಡ್ಡಕ್ಕನಿಗೆ ಕೊಡಲಿಲ್ಲ, ಗುಬ್ಬಿಯ ಕೈಗೇ ಕೊಟ್ಟ. “ಗಡಿಯಾರ ಮತ್ತೆ ನಿಂತಿದೆ ಅಮ್ಮ. ಅಪ್ಪ ನನ್ನ ಕೈಗೆ ಬಿಡ್ತಿಲ್ಲ” ಎಂದ. ಗುಬ್ಬಿ ಚೀಲದಿಂದ ಕಂದು ಬಳೆ ತೆಗೆದು ಮೊಳೆಗೆ ಸಿಕ್ಕಿಸಿದಳು.

ಒಮ್ಮೆ ರುಚಿ ಹತ್ತಿದ್ದು ಸುಲಭವಾಗಿ ಬಿಡುವುದಿಲ್ಲ. ಒಂದು ಮಧ್ಯಾಹ್ನ ಹೊರಗೆ ಧೋ ಎಂದು ಮಳೆ, ಕೆಲಸವಿಲ್ಲದ ಹೊತ್ತು. ದೊಡ್ಡಕ್ಕನ ಕಣ್ಣು ಹಲಗೆಯ ಕೊನೆಯ ಮೊಳೆಗೆ ಹೋಯಿತು. ಪಕ್ಕದಲ್ಲಿ ಟವೆಲ್ ಮಡಚುತ್ತಿದ್ದ ರೇಡಿಯೋಗೆ ಮೆಲ್ಲಗೆ ಹೇಳಿದಳು: “ನಿನ್ನ ಅರ್ಧ ಹೇಳು ನೋಡೋಣ.”

“ಯಾಕೆ? ಯಾರಾದ್ರೂ ಕೂಗಿದ್ರಾ?”

“ಇಲ್ಲ.”

“ಕರೆಗೆ ಸಿಗ್ತಿಲ್ವಾ ಯಾರಾದ್ರೂ?”

“ಅದೂ ಇಲ್ಲ” ಎಂದು ದೊಡ್ಡಕ್ಕ ನಕ್ಕು, ಮೊಳೆಯಿಂದ ಕಣ್ಣು ತೆಗೆದು, ರೇಡಿಯೋಳ ರಾಶಿಯಿಂದ ಒಂದು ಟವೆಲ್ ಎಳೆದುಕೊಂಡು ತಾನೂ ಮಡಚತೊಡಗಿದಳು.